68ರ ಗಂಡಸಿಗೆ ಯಾವ ತಪಾಸಣೆ ಬೇಕು, ಯಾವ ವಿಮೆ ಬೇಕು?

ಪ್ರಶ್ನೆ: ನನಗೆ 68 ವರ್ಷ. ಹೆಂಡತಿಗೆ 62. ಕೊಡಗಿನ ನಾಪೋಕ್ಲು ಹತ್ತಿರ ಐದು ಎಕರೆ ಕಾಫಿ ತೋಟ ಇದೆ, ಜೊತೆಗೆ ಕರಿಮೆಣಸು. ಎಪಿಎಲ್ ಕಾರ್ಡು. ಮೂರು ವರ್ಷದಿಂದ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮೂವತ್ತು ವರ್ಷ ದಿನಕ್ಕೊಂದು ಪ್ಯಾಕ್ ಸಿಗರೇಟು ಸೇದಿ, ಎಂಟು ವರ್ಷದ ಹಿಂದೆ ಬಿಟ್ಟೆ. ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳಬೇಕಾಗುತ್ತದೆ. ಅದು ಬಿಟ್ಟರೆ ಆರಾಮ. ಒಂದು ಲ್ಯಾಬಿನವರು 80 ಪರೀಕ್ಷೆಗಳ ಪ್ಯಾಕೇಜ್ ಮಾಡಿಸಿಕೊಳ್ಳಿ ಅನ್ನುತ್ತಾರೆ. ಗೆಳೆಯರೊಬ್ಬರು 'ಈ ವಯಸ್ಸಿನಲ್ಲಿ ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಯ ರಕ್ತ ಪರೀಕ್ಷೆ) ಮಾಡಿಸಲೇಬೇಕು' ಅನ್ನುತ್ತಾರೆ. ವಿಮೆ ಏಜೆಂಟರು 'ಮೊದಲು ಪಾಲಿಸಿ ಮಾಡಿ, ಚೆಕಪ್ ಆಮೇಲೆ. ಫಾರಂನಲ್ಲಿ ಬಿಪಿ ವಿಷಯ ಬರೆಯಬೇಡಿ' ಅಂತ ಹೇಳಿದ್ದಾರೆ. ಬೆಂಗಳೂರಿನಲ್ಲಿರುವ ಮಗ 'ನನ್ನ ಆಫೀಸಿನ ವಿಮೆಯಲ್ಲಿ ನೀವಿಬ್ಬರೂ ಇದ್ದೀರಿ, ಇನ್ನೆರಡು ವರ್ಷಕ್ಕೆ 70 ದಾಟಿದವರ ಕಾರ್ಡೂ ಬರುತ್ತದೆ, ಸುಮ್ನೆ ದುಡ್ಡು ಯಾಕೆ ಹಾಕ್ತೀರಿ' ಅನ್ನುತ್ತಾನೆ. ಯಾರ ಮಾತು ಕೇಳಲಿ?

ಉತ್ತರ: ಏಜೆಂಟರ ಮಾತು ಖಂಡಿತ ಬೇಡ. ಮಗನ ಮಾತು ಅರ್ಧ ಸರಿ. ಲ್ಯಾಬಿನವರ 80ರಲ್ಲಿ ನಿಮಗೆ ಬೇಕಾದ್ದು ಎಂಟೋ ಹತ್ತೋ ಇರಬಹುದು. ಗೆಳೆಯರು ಹೇಳಿದ ಪರೀಕ್ಷೆ ನಿಮಗೆ ಬೇಕಾಗಬಹುದು, ಆದರೆ ಅವರು ಅಂದುಕೊಂಡ ಕಾರಣಕ್ಕಲ್ಲ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ನಮ್ಮಲ್ಲಿ ಆರೋಗ್ಯ ವಿಮೆ ಅಂದರೆ ಹೆಚ್ಚಾಗಿ ಆಸ್ಪತ್ರೆಗೆ ಸೇರಿದಾಗಿನ ಖರ್ಚಿನ ವಿಮೆ. ಸಾಮಾನ್ಯವಾಗಿ 24 ಗಂಟೆ ಅಡ್ಮಿಟ್ ಆಗಿರಬೇಕು. ಕಣ್ಣಿನ ಪೊರೆ, ಡಯಾಲಿಸಿಸ್‌ನಂಥ ಡೇ ಕೇರ್ ಚಿಕಿತ್ಸೆಗೆ ಮಾತ್ರ ವಿನಾಯಿತಿ. ಸರ್ಕಾರದ ಆಯುಷ್ಮಾನ್ ಕೂಡ ಹೀಗೇ. ಬಿಪಿ ಮಾತ್ರೆ, ಸಕ್ಕರೆ ಪರೀಕ್ಷೆ, ಲಸಿಕೆ, ಕನ್ನಡಕ, ಡಾಕ್ಟರ ಫೀಸು ಇವಕ್ಕೆಲ್ಲ ನಿಮ್ಮ ಜೇಬೇ ಗತಿ. ಅಂದರೆ ಆಸ್ಪತ್ರೆ ಸೇರಿದರೆ ದುಡ್ಡು ಕೊಡುವವರು ಇದ್ದಾರೆ, ಸೇರದಂತೆ ನೋಡಿಕೊಳ್ಳುವ ಖರ್ಚು ಪೂರ್ತಿ ನಿಮ್ಮದು. ಒಳ್ಳೆಯ ಸುದ್ದಿ ಏನೆಂದರೆ ಈ ಖರ್ಚು ಬಹಳ ಕಡಿಮೆ. ಹಾಗಾಗಿ ಎರಡನ್ನೂ ಬೇರೆ ಬೇರೆ ಲೆಕ್ಕದಲ್ಲಿ ಇಡಿ. 'ವಿಮೆಯಲ್ಲಿ ಬರುತ್ತಾ' ಅಂತ ಕೇಳಿಕೊಂಡು ತಪಾಸಣೆ ಮುಂದೂಡುವವರೇ ಜಾಸ್ತಿ. ಅಲ್ಲೇ ನಷ್ಟ ಆಗುವುದು.

ತಪಾಸಣೆಯಿಂದ ಶುರು ಮಾಡೋಣ. 80 ಪರೀಕ್ಷೆಗಳ ಪ್ಯಾಕೇಜಿನ ತೊಂದರೆ ಬೆಲೆಯಲ್ಲ. ಲ್ಯಾಬ್ ವರದಿಯಲ್ಲಿ 'ನಾರ್ಮಲ್' ಅಂತ ಬರೆದಿರುವ ಮಿತಿಯನ್ನು ಸಾಮಾನ್ಯವಾಗಿ ನೂರು ಆರೋಗ್ಯವಂತರಲ್ಲಿ 95 ಜನ ಒಳಗಿರುವಂತೆ ಹಾಕಿರುತ್ತಾರೆ. ಅಂದರೆ ಏನೂ ಕಾಯಿಲೆ ಇಲ್ಲದ ಐದು ಜನ ಆ ಮಿತಿಯ ಹೊರಗೇ ಇರುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ, ಪೂರ್ತಿ ಆರೋಗ್ಯವಂತನಿಗೂ ಒಂದಾದರೂ ಮಿತಿ ದಾಟಿ ದಪ್ಪ ಅಕ್ಷರದಲ್ಲಿ ಬರುವ ಸಾಧ್ಯತೆ ನೂರಕ್ಕೆ 64ರಷ್ಟು. 80 ಮಾಡಿಸಿದರೆ ಬಾರದೇ ಇದ್ದರೇ ಆಶ್ಚರ್ಯ. ಆಮೇಲೆ ಆ ದಪ್ಪ ಅಕ್ಷರದ ಹಿಂದೆ ಮೈಸೂರಿಗೆ ಓಡಾಟ, ಸ್ಕ್ಯಾನ್, ಮತ್ತೆ ಪರೀಕ್ಷೆ, ಮನೆಯವರಿಗೆಲ್ಲ ನಿದ್ದೆಗೇಡು. ಅದಕ್ಕೇ ಪ್ರತಿ ಪರೀಕ್ಷೆಗೂ ಮುಂಚೆ ಕೇಳಬೇಕಾದ್ದು ಒಂದೇ ಪ್ರಶ್ನೆ: ಇದರಲ್ಲಿ ಏನಾದರೂ ಬಂದರೆ ನಾವು ಏನು ಮಾಡುತ್ತೇವೆ? ಉತ್ತರ ಇಲ್ಲದಿದ್ದರೆ ಆ ಪರೀಕ್ಷೆ ಬೇಡ. ಕಾಯಿಲೆಯ ಲಕ್ಷಣ ಏನೂ ಇಲ್ಲದವರು 'ಟ್ಯೂಮರ್ ಮಾರ್ಕರ್' ಹೆಸರಿನ ರಕ್ತ ಪರೀಕ್ಷೆಗಳ ಗೊಂಚಲನ್ನೂ, ಇಡೀ ದೇಹದ ಸಿಟಿ ಸ್ಕ್ಯಾನನ್ನೂ ಮಾಡಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ನಿಮಗೆ ನಿಜವಾಗಿ ಬೇಕಾದ್ದರಲ್ಲಿ ಮೊದಲನೆಯದು ಬಿಪಿ. ಮಾತ್ರೆ ನುಂಗುತ್ತಿದ್ದೇನೆ ಅಂದ ಮಾತ್ರಕ್ಕೆ ಬಿಪಿ ಹತೋಟಿಯಲ್ಲಿದೆ ಅಂತ ಅರ್ಥ ಅಲ್ಲ. ತೋಳಿಗೆ ಕಟ್ಟುವ ಮೆಷಿನ್ ಒಂದನ್ನು ಮನೆಗೆ ತನ್ನಿ. ಮಣಿಕಟ್ಟಿಗೆ ಕಟ್ಟುವುದು ಬೇಡ. ಕಾಫಿ ಕುಡಿದು ಅರ್ಧ ಗಂಟೆಯಾದರೂ ಆಗಿರಲಿ. ಐದು ನಿಮಿಷ ಬೆನ್ನು ಒರಗಿಸಿ ಸುಮ್ಮನೆ ಕೂತು, ಕಾಲು ನೆಲಕ್ಕೆ ಊರಿ, ಎರಡು ಸಲ ನೋಡಿ ಬರೆದಿಡಿ. ಒಂದು ವಾರದ ಸರಾಸರಿ 135/85ಕ್ಕಿಂತ ಮೇಲಿದ್ದರೆ ಡಾಕ್ಟರಿಗೆ ಆ ಚೀಟಿ ತೋರಿಸಿ. ಅದರ ಜೊತೆ ವರ್ಷಕ್ಕೊಮ್ಮೆ ಸಕ್ಕರೆ, ಕೊಲೆಸ್ಟ್ರಾಲ್, ಕಿಡ್ನಿಗೆ ಕ್ರಿಯಾಟಿನಿನ್, ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್, ಒಂದು ಇಸಿಜಿ. ಅಲ್ಬುಮಿನ್ ಪರೀಕ್ಷೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕ್ರಿಯಾಟಿನಿನ್ ಏರುವ ಮೊದಲೇ ಕಿಡ್ನಿಯ ತೊಂದರೆ ಇದರಲ್ಲಿ ಕಾಣಬಹುದು. ಅರೇಬಿಕಾ ಕಾಫಿ ಇಟ್ಟವರಿಗೆ ಕಾಂಡ ಕೊರೆಯುವ ಬೋರರ್ ಹುಳುವಿನ ಬಗ್ಗೆ ಹೇಳಿಕೊಡಬೇಕಾಗಿಲ್ಲ: ಎಲೆ ಹಳದಿಯಾಗಿ ಕಾಣುವಷ್ಟರಲ್ಲಿ ಕಾಂಡ ಟೊಳ್ಳಾಗಿರುತ್ತದೆ, ಅದಕ್ಕೇ ಗಿಡ ಗಿಡ ನೋಡಿಕೊಂಡು ಟ್ರೇಸಿಂಗ್ ಮಾಡಿಸುತ್ತೀರಿ. ಬಿಪಿ, ಸಕ್ಕರೆಯೂ ಅದೇ ಜಾತಿ.

ಇವಕ್ಕೆ ದೊಡ್ಡ ಲ್ಯಾಬ್ ಬೇಕಾಗಿಲ್ಲ. 30 ವರ್ಷ ದಾಟಿದವರಿಗೆ ಬಿಪಿ, ಸಕ್ಕರೆ, ಬಾಯಿ ಕ್ಯಾನ್ಸರ್ ತಪಾಸಣೆ ಸರ್ಕಾರದ ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ಕಾರ್ಯಕ್ರಮದಲ್ಲೇ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ 'ನಮಗೆ ಬೇಡಮ್ಮ, ನಾವು ಪ್ರೈವೇಟ್‌ನಲ್ಲಿ ತೋರಿಸ್ತೀವಿ' ಅಂತ ಕಳಿಸಬೇಡಿ. ಉಳಿದ ರಕ್ತ ಪರೀಕ್ಷೆಗಳಿಗೆ ಮಡಿಕೇರಿಯ ಜಿಲ್ಲಾ ಆಸ್ಪತ್ರೆ, ಅಂದರೆ ಈಗಿನ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಗೆ ಹೋಗಬಹುದು.

ಈಗ ನಿಮ್ಮ ಸಿಗರೇಟಿನ ವಿಷಯ. ಬಿಟ್ಟಿದ್ದು ಬಹಳ ಒಳ್ಳೆಯದಾಯಿತು. ಆದರೆ ಮೂವತ್ತು ವರ್ಷದ ಲೆಕ್ಕ ಒಂದೇ ಸಲಕ್ಕೆ ಅಳಿಸುವುದಿಲ್ಲ. ಇಲ್ಲಿ ನಿಮಗೆ ಒಂದು ಪರೀಕ್ಷೆ ಬೇಕು, ಅದು ಯಾವ ಪ್ಯಾಕೇಜಿನಲ್ಲೂ ಸಾಮಾನ್ಯವಾಗಿ ಇರುವುದಿಲ್ಲ. ಹೃದಯದಿಂದ ಹೊಟ್ಟೆಯೊಳಗೆ ಇಳಿಯುವ ದೊಡ್ಡ ರಕ್ತನಾಳ ಅಯೋರ್ಟಾ. ಸಿಗರೇಟು ಸೇದಿದ ಗಂಡಸರಲ್ಲಿ ಅದು ನಿಧಾನವಾಗಿ ಉಬ್ಬಬಹುದು. ನೋವು ಇರುವುದಿಲ್ಲ. ಒಡೆದರೆ ಮಾತ್ರ ಆಸ್ಪತ್ರೆ ಮುಟ್ಟುವುದೇ ಕಷ್ಟ. 65ರಿಂದ 75ರೊಳಗಿನ, ಜೀವನದಲ್ಲಿ ಯಾವಾಗಲಾದರೂ ಸಿಗರೇಟು ಸೇದಿದ ಗಂಡಸರು ಒಂದು ಸಲ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿ ಇದನ್ನು ನೋಡಿಸಿಕೊಳ್ಳಬೇಕು ಎಂಬುದು ಅಮೆರಿಕದ ತಪಾಸಣಾ ತಜ್ಞರ ಸಮಿತಿಯ ಸಲಹೆ. ನಮ್ಮಲ್ಲಿ ಇದಕ್ಕೆ ಸರ್ಕಾರಿ ಕಾರ್ಯಕ್ರಮ ಇಲ್ಲ, ಆದರೆ ನನಗೆ ಈ ಸಲಹೆ ಸರಿ ಕಾಣುತ್ತದೆ, ಯಾಕೆಂದರೆ ಒಂದೇ ಸಲ ಸಾಕು, ಸೂಜಿ ಇಲ್ಲ, ವಿಕಿರಣ ಇಲ್ಲ. ಮೂರು ಸೆಂಟಿಮೀಟರ್ ಒಳಗಿದ್ದರೆ ಮರೆತುಬಿಡಬಹುದು. ಜಾಸ್ತಿ ಇದ್ದರೆ ಆಗಾಗ ಅಳತೆ ನೋಡುತ್ತಾರೆ. ಐದೂವರೆ ಸೆಂಟಿಮೀಟರ್ ಮುಟ್ಟಿದರೆ ಗಂಡಸರಲ್ಲಿ ಆಪರೇಷನ್ ಮಾತು. ಸ್ಕ್ಯಾನ್ ಬರೆಸುವಾಗ 'ಅಯೋರ್ಟಾ ಅಳತೆ ಬೇಕು' ಅಂತ ಚೀಟಿಯಲ್ಲೇ ಬರೆಸಿ. ಇಲ್ಲದಿದ್ದರೆ ಲಿವರ್, ಕಿಡ್ನಿ ನೋಡಿ ಮುಗಿಸಿಬಿಡಬಹುದು. ಅದೇ ಸ್ಕ್ಯಾನಿನಲ್ಲಿ ಪ್ರಾಸ್ಟೇಟ್ ಗಾತ್ರವನ್ನೂ, ಮೂತ್ರ ಮಾಡಿದ ಮೇಲೆ ಚೀಲದಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನೂ ನೋಡಿಸಿ.

ಶ್ವಾಸಕೋಶದ ಕ್ಯಾನ್ಸರ್‌ಗೆ ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್ ಅಂತ ಒಂದಿದೆ. ದಿನಕ್ಕೊಂದು ಪ್ಯಾಕ್‌ನಂತೆ 20 ವರ್ಷವೋ ಅದಕ್ಕಿಂತ ಜಾಸ್ತಿಯೋ ಸೇದಿ, ಬಿಟ್ಟು 15 ವರ್ಷ ಆಗದವರಿಗೆ ಅದೇ ಸಮಿತಿ ಅದನ್ನೂ ಹೇಳುತ್ತದೆ. ನಿಮ್ಮ ಲೆಕ್ಕ ಅದರೊಳಗೆ ಬರುತ್ತದೆ. ಆದರೆ ನಮ್ಮ ದೇಶದಲ್ಲಿ ಹಳೆಯ ಟಿಬಿ ಕಲೆ ಇರುವವರು ಬಹಳ. ಆ ಕಲೆ ನೋಡಿ ಗಾಬರಿಯಾಗಿ ಬಯಾಪ್ಸಿವರೆಗೆ ಹೋಗುವುದೂ ಇದೆ. ಹಾಗಾಗಿ ಇದನ್ನು ಎದೆರೋಗ ತಜ್ಞರ ಜೊತೆ ಕೂತು ಮಾತಾಡಿ ನಿರ್ಧರಿಸಿ. ಕೆಮ್ಮಿನಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಮಾತ್ರ ಯೋಚನೆ ಮಾಡುತ್ತಾ ಕೂರಬೇಡಿ.

ಪಿಎಸ್‌ಎ ಬಗ್ಗೆ ನಿಮ್ಮ ಗೆಳೆಯರು ಹೇಳಿದ 'ಮಾಡಿಸಲೇಬೇಕು' ಎಂಬುದನ್ನು ನಾನು ಒಪ್ಪುವುದಿಲ್ಲ. ಏನೂ ತೊಂದರೆ ಇಲ್ಲದ ಗಂಡಸರಿಗೆ 55ರಿಂದ 69ರವರೆಗೆ ಇದು ಡಾಕ್ಟರ ಜೊತೆ ಮಾತಾಡಿ ಅವರವರೇ ನಿರ್ಧರಿಸುವ ಪರೀಕ್ಷೆ. 70ರ ಮೇಲೆ ತಪಾಸಣೆಗಾಗಿ ಮಾಡಿಸುವುದು ಬೇಡ ಎಂಬುದು ಅದೇ ಸಮಿತಿಯ 2018ರ ಸಲಹೆ. ಕಾರಣ ಇಷ್ಟೇ: ಪ್ರಾಸ್ಟೇಟ್ ಕ್ಯಾನ್ಸರ್‌ಗಳಲ್ಲಿ ಬಹಳಷ್ಟು ತುಂಬಾ ನಿಧಾನ. ಅದು ಇದ್ದೂ, ಗೊತ್ತೇ ಆಗದೆ, ಬೇರೆ ಕಾರಣಕ್ಕೆ ತೀರಿಕೊಳ್ಳುವವರೇ ಹೆಚ್ಚು. ಪತ್ತೆ ಹಚ್ಚಿ ಚಿಕಿತ್ಸೆ ಮಾಡಿದರೆ ಮೂತ್ರ ಸೋರುವುದು, ಲೈಂಗಿಕ ಶಕ್ತಿ ಹೋಗುವುದು ಕಾಡಬಹುದು. ಆದರೆ ನಿಮ್ಮ ಕಥೆ ಬೇರೆ. ರಾತ್ರಿ ಎರಡು ಮೂರು ಸಲ ಏಳುತ್ತಿದ್ದೀರಿ. ನಿಮಗೆ ತೊಂದರೆ ಇದೆ, ಹಾಗಾಗಿ ಇದು ತಪಾಸಣೆಯ ಮಾತಲ್ಲ, ಕಾರಣ ಹುಡುಕುವ ಮಾತು. ಮೊದಲು ಮೂತ್ರ ಪರೀಕ್ಷೆ, ಸಕ್ಕರೆ, ಡಾಕ್ಟರ ಕೈ ಪರೀಕ್ಷೆ. ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧ ಇದೆಯಾ, ಅದನ್ನು ರಾತ್ರಿ ನುಂಗುತ್ತಿದ್ದೀರಾ ನೋಡಿ. ಸಂಜೆ ಏಳರ ಮೇಲೆ ಎಷ್ಟು ಕುಡಿಯುತ್ತೀರಿ? ನೀರನ್ನು ಮಾತ್ರ ಕೇಳುತ್ತಿಲ್ಲ. ಇಷ್ಟಾದ ಮೇಲೂ ಬೇಕೆನಿಸಿದರೆ ಡಾಕ್ಟರೇ ಪಿಎಸ್‌ಎ ಬರೆಯುತ್ತಾರೆ. ಮೂತ್ರದ ಸೋಂಕು ಇದ್ದಾಗ ಮಾಡಿಸಬೇಡಿ, ಸುಮ್ನೆ ಏರಿರುತ್ತದೆ. ಪ್ರಾಸ್ಟೇಟ್ ಕುಗ್ಗಿಸಲು ಫಿನಾಸ್ಟರೈಡ್ ನುಂಗುತ್ತಿರುವವರಲ್ಲಿ ಅದು ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಲ್ಯಾಬಿನವರಿಗೆ ಇದು ಗೊತ್ತಿರುವುದಿಲ್ಲ, ಡಾಕ್ಟರಿಗೆ ನೀವೇ ಹೇಳಬೇಕು.

ನಮ್ಮ ಜಿಲ್ಲೆಯವರಿಗೆ ಮಾತ್ರ ಹೇಳಬೇಕಾದ ಒಂದು ಮಾತು. ಕೊಡವ ತಿಂಗಳಾದ ಕಕ್ಕಡದ 18ರಂದು, ಅಂದರೆ ಆಗಸ್ಟ್ 3ರ ಹೊತ್ತಿಗೆ, ಮದ್ದು ಸೊಪ್ಪಿನ ಪಾಯಸ ತಿಂದರೆ ಮೂತ್ರ ಕೆಂಪಾಗುತ್ತದೆ. ಅದು ಸೊಪ್ಪಿನ ಬಣ್ಣ, ಹೆದರಬೇಕಾಗಿಲ್ಲ. ಆ ಒಂದೆರಡು ದಿನ ಮೂತ್ರ ಪರೀಕ್ಷೆಗೆ ಕೊಡಬೇಡಿ. ಆದರೆ ಈ ಅಭ್ಯಾಸದಿಂದಲೇ 'ಕೆಂಪು ಮೂತ್ರ ಅಂದರೆ ಏನೂ ಅಲ್ಲ' ಎಂಬ ಧೈರ್ಯ ಬರಬಾರದು. ವರ್ಷದ ಉಳಿದ ದಿನಗಳಲ್ಲಿ ಒಂದು ಸಲ ಮೂತ್ರ ಕೆಂಪಾದರೂ, ನೋವು ಇಲ್ಲದಿದ್ದರೂ, ಮರುದಿನ ನಿಂತುಹೋದರೂ, ತೋರಿಸಲೇಬೇಕು. ಸಿಗರೇಟು ಸೇದಿದವರಲ್ಲಿ ಮೂತ್ರಕೋಶದ ಕ್ಯಾನ್ಸರ್ ಹೀಗೇ ಒಂದು ಸಲ ಸುಳಿವು ಕೊಟ್ಟು ಸುಮ್ಮನಾಗುತ್ತದೆ. ಮಲದಲ್ಲಿ ರಕ್ತ ಕಂಡಾಗ 'ಪೈಲ್ಸ್ ಇರಬೇಕು' ಅಂತ ನಾವೇ ತೀರ್ಮಾನ ಕೊಡುವುದೂ ಅಷ್ಟೇ ಅಪಾಯ. ಬಾಯಲ್ಲಿ ಬಿಳಿ ಕಲೆ, ಮೂರು ವಾರವಾದರೂ ಒಣಗದ ಹುಣ್ಣು ಇದ್ದರೆ ದಂತವೈದ್ಯರಿಗೆ ತೋರಿಸಿ, ಎಲೆ ಅಡಿಕೆ ಹಾಕುವವರಾದರೆ ಇನ್ನೂ ಬೇಗ.

ಕಣ್ಣಿಗೆ ವರ್ಷಕ್ಕೊಮ್ಮೆ. ಪೊರೆ ಒಂದೇ ಅಲ್ಲ, ಕಣ್ಣಿನ ಒತ್ತಡವನ್ನೂ ನೋಡಿಸಿ.

ಲಸಿಕೆ ಅಂದರೆ ನಮ್ಮ ಗಂಡಸರಿಗೆ ಮಕ್ಕಳ ವಿಷಯ. ಕೊಡಗಿನ ಮಳೆಗಾಲದಲ್ಲಿ 65 ದಾಟಿದವರನ್ನು ಆಸ್ಪತ್ರೆಗೆ ಸೇರಿಸುವುದರಲ್ಲಿ ಜ್ವರ, ನ್ಯುಮೋನಿಯಾ ಮುಂದಿವೆ. ಫ್ಲೂ ಲಸಿಕೆ ಪ್ರತಿ ವರ್ಷ, ಮಳೆ ಶುರುವಾಗುವ ಮೊದಲೇ, ಏಪ್ರಿಲ್-ಮೇ ತಿಂಗಳಲ್ಲಿ ಹಾಕಿಸಿ. ನ್ಯುಮೋಕಾಕಲ್ ಲಸಿಕೆ ಯಾವ ಬಗೆಯದು, ಒಂದು ಡೋಸೋ ಎರಡೋ ಎಂಬುದನ್ನು ಡಾಕ್ಟರ್ ಹೇಳುತ್ತಾರೆ. ಸರ್ಪಸುತ್ತಿನ ಲಸಿಕೆ 2023ರಿಂದ ನಮ್ಮಲ್ಲೂ ಇದೆ, ಎರಡು ಡೋಸ್, ಬೆಲೆ ಜಾಸ್ತಿ. ಕೈಲಾದರೆ ಹಾಕಿಸಿ, ಆ ನೋವು ಒಮ್ಮೆ ಬಂದವರು ಬೆಲೆ ಕೇಳುವುದಿಲ್ಲ. ಟೆಟನಸ್-ಡಿಫ್ತೀರಿಯಾ ಬೂಸ್ಟರ್ ಹತ್ತು ವರ್ಷಕ್ಕೊಮ್ಮೆ. ಕತ್ತಿ ಹಿಡಿದು ತೋಟದಲ್ಲಿ ಓಡಾಡುವವರಿಗೆ ಅದು ಬಿಡುವಂಥದ್ದಲ್ಲ. ಇವುಗಳಲ್ಲಿ ಯಾವುದಕ್ಕೂ ಸಾಮಾನ್ಯ ವಿಮೆಯಲ್ಲಿ ದುಡ್ಡು ಬರುವುದಿಲ್ಲ.

ಇನ್ನು ವಿಮೆ. ಏಜೆಂಟರ ಸಲಹೆಯಿಂದಲೇ ಹೊರಡೋಣ. ಬಿಪಿ ಮುಚ್ಚಿಟ್ಟರೆ ಏನಾಗುತ್ತದೆ? ನಾಳೆ ಹೃದಯದ ತೊಂದರೆಗೆ ಅಡ್ಮಿಟ್ ಆದಿರಿ ಅನ್ನಿ. ಡ್ಯೂಟಿ ಡಾಕ್ಟರ್ ಕೇಸ್ ಶೀಟಿನಲ್ಲಿ 'ಮೂರು ವರ್ಷದಿಂದ ಬಿಪಿ' ಅಂತ ಬರೆಯುತ್ತಾರೆ. ಹೇಳಿದವರು ನಿಮ್ಮ ಹೆಂಡತಿಯೇ ಆಗಿರುತ್ತಾರೆ. ಕಂಪನಿಯವರು ಮೊದಲು ಕೇಳುವುದು ಆ ಹಾಳೆಯನ್ನೇ. ಕ್ಲೇಮ್ ಹೋಯಿತು, ಪಾಲಿಸಿಯೂ ಹೋಗಬಹುದು. ನಿಜ ಹೇಳಿದರೆ ಆಗುವ ನಷ್ಟ ಬಹಳ ಕಡಿಮೆ. ಪಾಲಿಸಿ ಕೊಳ್ಳುವ ಮೊದಲೇ ಇದ್ದ ಕಾಯಿಲೆಗೆ ಕಾಯಿಸುವ ಅವಧಿ ಈಗ ಹೆಚ್ಚೆಂದರೆ 36 ತಿಂಗಳು. ಮೊದಲು 48 ಇತ್ತು. 2024ರ ಏಪ್ರಿಲ್‌ನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಅದನ್ನು ಇಳಿಸಿತು. ಐದು ವರ್ಷ ಬಿಡದೆ ಪ್ರೀಮಿಯಂ ಕಟ್ಟಿದ ಮೇಲೆ, ಮೋಸ ಅಂತ ಸಾಬೀತಾಗದ ಹೊರತು, 'ನೀವು ಅದನ್ನು ಹೇಳಿರಲಿಲ್ಲ' ಅಂತ ಕಂಪನಿ ತಕರಾರು ತೆಗೆಯುವಂತಿಲ್ಲ.

'ಪಾಲಿಸಿ ಆದ ಮೇಲೆ ಚೆಕಪ್' ಎಂಬ ಇನ್ನೊಂದು ಉಪಾಯವೂ ಕೈಕೊಡುವಂಥದ್ದೇ. ನಿಮ್ಮ ವಯಸ್ಸಿನವರಿಗೆ ಅನೇಕ ಕಂಪನಿಗಳು ಪಾಲಿಸಿ ಕೊಡುವ ಮೊದಲು ತಾವೇ ವೈದ್ಯಕೀಯ ಪರೀಕ್ಷೆ ಮಾಡಿಸುತ್ತವೆ. ಸಕ್ಕರೆ ಇದ್ದರೆ ಅಲ್ಲಿ ಸಿಕ್ಕೇ ಸಿಗುತ್ತದೆ. ಅದಕ್ಕಿಂತ ಮುಖ್ಯವಾಗಿ, ವಿಮೆಗೋಸ್ಕರ ಆರು ತಿಂಗಳು ಸಕ್ಕರೆ ನೋಡದೆ ಕೂತರೆ ಕೆಡುವುದು ನಿಮ್ಮ ಕಿಡ್ನಿ, ಏಜೆಂಟರದ್ದಲ್ಲ.

ಕಾಯುವ ಅವಧಿಯಲ್ಲಿ ಇನ್ನೊಂದು ಬಗೆ ಇದೆ, ಇದನ್ನು ವಯಸ್ಸಾದ ಗಂಡಸರು ತಪ್ಪದೆ ಓದಬೇಕು. ಕೆಲವು ಕಾಯಿಲೆಗಳಿಗೆ, ಅವು ನಿಮಗೆ ಇರಲಿ ಬಿಡಲಿ, ಮೊದಲ ಎರಡು ವರ್ಷ ದುಡ್ಡು ಕೊಡುವುದಿಲ್ಲ. ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದು ಕಣ್ಣಿನ ಪೊರೆ, ಹರ್ನಿಯಾ, ಪೈಲ್ಸ್, ಮತ್ತೆ ಪ್ರಾಸ್ಟೇಟ್ ಊತ. ನಮ್ಮ ವಯಸ್ಸಿನವರಿಗೆ ಬೇಕಾಗುವ ಆಪರೇಷನ್‌ಗಳೇ ಪಟ್ಟಿ ಮಾಡಿದ ಹಾಗಿದೆ, ಅಲ್ವಾ? ಹಾಗಾಗಿ 'ಬೇಕಾದಾಗ ಮಾಡಿಸ್ತೀನಿ' ಅನ್ನುವ ಲೆಕ್ಕ ವಿಮೆಯಲ್ಲಿ ನಡೆಯುವುದಿಲ್ಲ.

ಇಲ್ಲಿಗೆ ಮಗನ ಮಾತು ಬರುತ್ತದೆ. ಆಫೀಸಿನ ಗುಂಪು ವಿಮೆಯಲ್ಲಿ ಹಳೆಯ ಕಾಯಿಲೆಗಳಿಗೂ ಸಾಮಾನ್ಯವಾಗಿ ಮೊದಲ ದಿನದಿಂದಲೇ ರಕ್ಷಣೆ ಇರುತ್ತದೆ. ಇದು ದೊಡ್ಡ ಅನುಕೂಲ, ಬಿಡಬೇಡಿ. ಆದರೆ ಅದು ಅವನ ಕೆಲಸಕ್ಕೆ ಅಂಟಿಕೊಂಡದ್ದು. ಕೆಲಸ ಬದಲಾದರೆ, ಹೊಸ ಕಂಪನಿ ತಂದೆತಾಯಿಯರನ್ನು ಸೇರಿಸದಿದ್ದರೆ, ನೀವು 71ರಲ್ಲೋ 72ರಲ್ಲೋ ಮೊದಲ ದಿನದಿಂದ ಶುರು ಮಾಡಬೇಕು. ಆದ್ದರಿಂದ ನನ್ನ ಸಲಹೆ ಇದು. ಅವನ ವಿಮೆ ನಡೆಯುತ್ತಿರುವಾಗಲೇ ನಿಮ್ಮಿಬ್ಬರ ಹೆಸರಿನಲ್ಲಿ ಸಣ್ಣದೊಂದು ಸ್ವಂತ ಪಾಲಿಸಿ ಮಾಡಿ. ಎರಡು, ಮೂರು ವರ್ಷದ ಕಾಯುವ ಅವಧಿ ಅವನ ವಿಮೆಯ ನೆರಳಿನಲ್ಲೇ ಕಳೆದುಹೋಗಲಿ. ಪೂರ್ತಿ ಪಾಲಿಸಿ ದುಬಾರಿ ಅನಿಸಿದರೆ ಸೂಪರ್ ಟಾಪ್ ಅಪ್ ನೋಡಿ. ಅದರಲ್ಲಿ ಮೊದಲ ಮೂರೋ ಐದೋ ಲಕ್ಷ ನೀವು ಅಥವಾ ಬೇರೆ ವಿಮೆ ಭರಿಸಬೇಕು, ಅದರ ಮೇಲಿನದು ಅವರು ಕೊಡುತ್ತಾರೆ. ಪ್ರೀಮಿಯಂ ಗಣನೀಯವಾಗಿ ಕಡಿಮೆ. ಮಗನಿಗೆ ಮೂರು ಪ್ರಶ್ನೆ ಕೇಳಿ: ಒಟ್ಟು ಮೊತ್ತ ಎಷ್ಟು, ಅದನ್ನು ಇಡೀ ಮನೆಯವರು ಹಂಚಿಕೊಳ್ಳಬೇಕಾ, ತಂದೆತಾಯಿಯರ ಬಿಲ್ಲಿನಲ್ಲಿ ನಾವು ಕೈಯಿಂದ ಕಟ್ಟುವ ಪಾಲು ಎಷ್ಟು. ಕೆಲಸ ಬಿಡುವ ಯೋಚನೆ ಬಂದರೆ, ಬಿಡುವ ಮೊದಲೇ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ನಿಮ್ಮನ್ನು ವರ್ಗಾಯಿಸಲು ಅರ್ಜಿ ಕೊಡಲಿ.

65 ದಾಟಿದವರಿಗೆ ಹೊಸ ಪಾಲಿಸಿ ಇಲ್ಲ ಎಂಬ ಕಾಲ ಹೋಯಿತು. 2024ರ ಏಪ್ರಿಲ್‌ನಿಂದ ಆ ವಯಸ್ಸಿನ ಮಿತಿ ಇಲ್ಲ. 60 ದಾಟಿದವರ ಪ್ರೀಮಿಯಂ ಅನ್ನು ಪ್ರಾಧಿಕಾರದ ಜೊತೆ ಸಮಾಲೋಚಿಸದೆ ವರ್ಷಕ್ಕೆ ಶೇ 10ಕ್ಕಿಂತ ಜಾಸ್ತಿ ಏರಿಸುವಂತಿಲ್ಲ ಎಂಬ ಆದೇಶ 2025ರ ಜನವರಿಯಲ್ಲಿ ಬಂತು. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ 18 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಹೋಗಿದೆ. ಆದರೂ 68ಕ್ಕೆ ಪ್ರೀಮಿಯಂ ಅಗ್ಗ ಏನಲ್ಲ. ಕಾಗದ ಕೈಗೆ ಬಂದ ಮೇಲೆ 30 ದಿನ ಓದಲು ಸಮಯ ಇರುತ್ತದೆ, ಒಪ್ಪಿಗೆ ಆಗದಿದ್ದರೆ ವಾಪಸ್ ಮಾಡಬಹುದು. ಓದುವಾಗ ರೂಮ್ ಬಾಡಿಗೆಯ ಮಿತಿಯನ್ನು ಮೊದಲು ಹುಡುಕಿ. ದಿನಕ್ಕೆ 5,000 ರೂಪಾಯಿ ಮಿತಿ ಇದ್ದು, ನೀವು 8,000ದ ರೂಮ್ ತೆಗೆದುಕೊಂಡರೆ, ಬರೀ 3,000 ವ್ಯತ್ಯಾಸ ಕಟ್ಟಿದರೆ ಮುಗಿಯಿತು ಅಂದುಕೊಳ್ಳುತ್ತೀರಿ. ಹಾಗಲ್ಲ. ಸರ್ಜನ್ ಫೀಸು, ಥಿಯೇಟರ್ ಚಾರ್ಜು ಎಲ್ಲವನ್ನೂ ಎಂಟರಲ್ಲಿ ಐದು ಪಾಲಿಗೆ ಇಳಿಸಬಹುದು. ಅವು 1,60,000 ಆಗಿದ್ದರೆ ಸಿಗುವುದು ಒಂದು ಲಕ್ಷ. ಔಷಧಿ, ಸ್ಟೆಂಟ್‌ನಂಥವಕ್ಕೆ ಈ ಕಡಿತ ಇಲ್ಲ.

ಎಲ್ಲ ಕಂಪನಿಗಳಲ್ಲೂ ಒಂದೇ ನಿಯಮದಲ್ಲಿ ಸಿಗುವ 'ಆರೋಗ್ಯ ಸಂಜೀವನಿ' ಪಾಲಿಸಿಯನ್ನು ಹೋಲಿಸಿ ನೋಡುವುದಕ್ಕೆ ಇಟ್ಟುಕೊಳ್ಳಿ. ಅದರಲ್ಲಿ ಪ್ರತಿ ಕ್ಲೇಮಿನ ಶೇ 5 ನಿಮ್ಮದು, ಪೊರೆ ಆಪರೇಷನ್‌ಗೆ ಒಂದು ಕಣ್ಣಿಗೆ ಹೆಚ್ಚೆಂದರೆ 40,000, ಆಂಬುಲೆನ್ಸ್‌ಗೆ 2,000. ಈ ಕೊನೆಯದನ್ನು ಕೊಡಗಿನವರು ಬೇರೆ ಕಣ್ಣಿನಿಂದ ನೋಡಬೇಕು. ಮಡಿಕೇರಿಯಿಂದ ಮೈಸೂರಿಗೇ ಸುಮಾರು 120 ಕಿಲೋಮೀಟರ್. ಮಂಗಳೂರಿನ ದಾರಿ 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮುಚ್ಚಿದ್ದು ಯಾರೂ ಮರೆತಿಲ್ಲ. ಏಜೆಂಟರು 'ದೇಶದಲ್ಲಿ ಸಾವಿರಾರು ನೆಟ್‌ವರ್ಕ್ ಆಸ್ಪತ್ರೆ' ಅಂದಾಗ, ನಮ್ಮ ಜಿಲ್ಲೆಯಲ್ಲಿ ಎಷ್ಟು, ಮೈಸೂರಿನಲ್ಲಿ ಯಾವುದು, ಮಂಗಳೂರಿನಲ್ಲಿ ಯಾವುದು ಅಂತ ಹೆಸರು ಕೇಳಿ.

ದೂರದ ಮಾತು ಬಂತು ಅಂತ ಇದನ್ನೂ ಹೇಳಿಬಿಡುತ್ತೇನೆ. ಎದೆನೋವು ಬಂದರೆ ನೇರ ಮೈಸೂರಿಗೆ ಕಾರು ಬಿಡಬೇಡಿ. ಮೊದಲು ಹತ್ತಿರದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಇಸಿಜಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಮಟ್ಟದಲ್ಲೇ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಮಾಡಿದ್ದಾರೆ. ಹೃದಯಾಘಾತ ಅಂತ ಗೊತ್ತಾದರೆ ಅದನ್ನು ಕೊಟ್ಟೇ ಮುಂದಕ್ಕೆ ಕಳಿಸುತ್ತಾರೆ. ಘಾಟಿ, ತಿರುವು, ಟ್ರಾಫಿಕ್ ದಾಟುವ ಎರಡು ಮೂರು ಗಂಟೆಯಲ್ಲಿ ಹೃದಯದ ಸ್ನಾಯು ಸಾಯುತ್ತಲೇ ಇರುತ್ತದೆ.

ಸರ್ಕಾರಿ ಯೋಜನೆಗಳಲ್ಲಿ ನಿಮಗೆ ಈಗಲೇ ಸಿಗುವುದು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ. ನಿಮ್ಮಂಥ ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ತುರ್ತು ಅಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಅದಿಲ್ಲದೆ ಖಾಸಗಿ ಆಸ್ಪತ್ರೆಗೆ ಹೋಗಿ ಅಡ್ಮಿಟ್ ಆಗಿ ಆಮೇಲೆ ಕಾರ್ಡ್ ತೋರಿಸಿದರೆ ಆಗುವುದಿಲ್ಲ. ಮಗ ಹೇಳಿದ 70ರ ಕಾರ್ಡ್ ಅಂದರೆ ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ಶುರು ಮಾಡಿದ ಆಯುಷ್ಮಾನ್ ವಯ ವಂದನಾ. ಆದಾಯ ಎಷ್ಟಿದ್ದರೂ ವರ್ಷಕ್ಕೆ ಐದು ಲಕ್ಷ, ಖಾಸಗಿ ವಿಮೆ ಇದ್ದವರಿಗೂ ಸಿಗುತ್ತದೆ. ವಯಸ್ಸಿನ ಲೆಕ್ಕ ಆಧಾರ್ ಪ್ರಕಾರ. ನಮ್ಮ ಹಿರಿಯರ ಆಧಾರ್‌ಗಳಲ್ಲಿ ಜನವರಿ 1 ಅಂತ ಅಂದಾಜಿಗೆ ಬರೆದದ್ದು ಬಹಳ. ನಿಮ್ಮದರಲ್ಲಿ ತಪ್ಪಿದ್ದರೆ ಈಗಲೇ ದಾಖಲೆ ಕೊಟ್ಟು ಸರಿ ಮಾಡಿಸಿ. ಕಾರ್ಡ್ ಪಡೆದ ಮೇಲೂ ಹೋಗುವ ಆಸ್ಪತ್ರೆಯಲ್ಲಿ ಅದು ನಡೆಯುತ್ತದೆಯೇ ಅಂತ ಅಲ್ಲಿ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರನ್ನು ಕೇಳಿಯೇ ಅಡ್ಮಿಟ್ ಆಗಿ. ಮಗನ ಮಾತು ಅರ್ಧ ಸರಿ ಅಂದದ್ದು ಇದಕ್ಕೇ. ಕಾರ್ಡ್ ಬರುವುದು ನಿಜ. ಅದನ್ನೇ ನಂಬಿ ಕೂರುವಂತಿಲ್ಲ. ನಿಮ್ಮ ಹೆಂಡತಿಗೆ ಅದು ಸಿಗಲು ಇನ್ನೂ ಎಂಟು ವರ್ಷ ಇದೆ.

ಮಿಲಿಟರಿಯಿಂದ ನಿವೃತ್ತರಾದವರು ನಮ್ಮಲ್ಲಿ ಮನೆಗೊಬ್ಬರು ಅನ್ನುವಷ್ಟಿದ್ದಾರೆ, ಅವರಿಗೂ ಒಂದು ಮಾತು. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಮತ್ತು ವಯ ವಂದನಾ ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು. ಇಸಿಎಚ್‌ಎಸ್‌ನಲ್ಲಿ ಹೊರರೋಗಿ ಚಿಕಿತ್ಸೆ, ತಿಂಗಳ ಮಾತ್ರೆ ಎಲ್ಲ ಸಿಗುತ್ತದೆ. ಅದನ್ನು ಬಿಟ್ಟುಕೊಡುವುದು ಜಾಣತನ ಅಲ್ಲ.

ನೀವು ನಿಮ್ಮ ಊರಿನ ಕೃಷಿ ಪತ್ತಿನ ಸಹಕಾರ ಸಂಘದ ಸದಸ್ಯರಾಗಿದ್ದರೆ ಸಹಕಾರಿಗಳ ಆರೋಗ್ಯ ಯೋಜನೆ ಯಶಸ್ವಿನಿಯನ್ನೂ ವಿಚಾರಿಸಿ. 2018ರಲ್ಲಿ ನಿಂತು, 2023ರ ಜನವರಿಯಿಂದ ಮತ್ತೆ ನಡೆಯುತ್ತಿದೆ. ಮತ್ತೆ ಶುರುವಾದಾಗ ಗ್ರಾಮೀಣ ಭಾಗದಲ್ಲಿ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಇಟ್ಟಿದ್ದರು, ರಕ್ಷಣೆ ಐದು ಲಕ್ಷ. ನೋಂದಣಿ ವರ್ಷದಲ್ಲಿ ಕೆಲವೇ ವಾರ ತೆರೆದಿರುತ್ತದೆ. ಸಂಘದ ಕಾರ್ಯದರ್ಶಿಯನ್ನು ಕೇಳಿ, ದಿನಾಂಕ ಗುರುತು ಹಾಕಿಕೊಳ್ಳಿ. ಇಷ್ಟು ಕಡಿಮೆ ದುಡ್ಡಿಗೆ ಇದನ್ನು ಬಿಡುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ.

ತೆರಿಗೆ ವಿಷಯವನ್ನು ಏಜೆಂಟರು ಹೇಳದೆ ಬಿಟ್ಟಿರಲಿಕ್ಕಿಲ್ಲ. ಆದಾಯ ತೆರಿಗೆಯಲ್ಲಿ 60 ದಾಟಿದವರ ಪ್ರೀಮಿಯಂಗೆ 50,000ದವರೆಗೆ ವಿನಾಯಿತಿ, ಅದರೊಳಗೇ 5,000 ತಪಾಸಣೆ ಖರ್ಚಿಗೆ. ನಿಜ, ಆದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ನಿಮ್ಮ ಆದಾಯ ಪೂರ್ತಿ ತೋಟದ್ದೇ, ಚೆರ್ರಿಯನ್ನು ಸಂಸ್ಕರಿಸದೆ ಮಾರುವವರು ಅಂದರೆ ಅದು ಕೃಷಿ ಆದಾಯ. ತೆರಿಗೆಯೇ ಇಲ್ಲದ ಮೇಲೆ ವಿನಾಯಿತಿ ಎಲ್ಲಿಂದ? ಬದಲಿಗೆ ಪ್ರೀಮಿಯಂ ಅನ್ನು ಮಗ ಕಟ್ಟಲಿ. ಅವನು ಹಳೆಯ ಪದ್ಧತಿಯಲ್ಲಿದ್ದರೆ ಅವನಿಗೆ ಆ ಲಾಭ ಸಿಗುತ್ತದೆ.

ನೀವೇ ಕಟ್ಟುವುದಾದರೆ ಪಾಲಿಸಿಯನ್ನು ಫೆಬ್ರವರಿ-ಮಾರ್ಚ್‌ನಲ್ಲಿ, ಕಾಫಿ ದುಡ್ಡು ಕೈಯಲ್ಲಿರುವಾಗ ಶುರು ಮಾಡಿ. ಪ್ರತಿ ವರ್ಷ ನವೀಕರಣವೂ ಅದೇ ಹೊತ್ತಿಗೆ ಬರುತ್ತದೆ. ಜುಲೈಯಲ್ಲಿ ಬಂದರೆ ಮಳೆ, ಕರೆಂಟ್ ಇಲ್ಲ, ಗೊಬ್ಬರದ ಖರ್ಚು ಬೇರೆ. ವಾರ್ಷಿಕ ಪ್ರೀಮಿಯಂಗೆ 30 ದಿನ ಹೆಚ್ಚುವರಿ ಸಮಯ ಇರುತ್ತದೆ. ಅದನ್ನೂ ದಾಟಿ ಪಾಲಿಸಿ ನಿಂತುಹೋದರೆ ಕಾಯುವ ಅವಧಿಯಲ್ಲಿ ನೀವು ಕಳೆದ ವರ್ಷಗಳೆಲ್ಲ ನೀರಿಗೆ. ಪಾಲಿಸಿಯಲ್ಲಿ ವರ್ಷಕ್ಕೊಮ್ಮೆ ಉಚಿತ ಚೆಕಪ್ ಇದೆಯಾ ಅಂತಲೂ ಕೇಳಿ. ಅನೇಕ ಪಾಲಿಸಿಗಳಲ್ಲಿ ಇರುತ್ತದೆ, ಬಳಸುವವರು ಕಡಿಮೆ. ಮೇಲೆ ಹೇಳಿದ ರಕ್ತ ಪರೀಕ್ಷೆಗಳಲ್ಲಿ ಒಂದಷ್ಟು ಅಲ್ಲೇ ಮುಗಿಯುತ್ತದೆ.

ಕೊನೆಗೆ, ಕ್ಲೇಮ್ ತಿರಸ್ಕರಿಸಿದರೆ ಸುಮ್ಮನೆ ಕೂರಬೇಡಿ. ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ಹೊತ್ತಿನ ಅಂತಿಮ ಒಪ್ಪಿಗೆಗೆ ಮೂರು ಗಂಟೆಯೊಳಗೆ ಕಂಪನಿ ಉತ್ತರ ಕೊಡಬೇಕೆಂದು ಪ್ರಾಧಿಕಾರದ 2024ರ ಮೇ ತಿಂಗಳ ಸುತ್ತೋಲೆ ಇದೆ. ನಿರಾಕರಿಸಿದರೆ ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂಬುದನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ಕೊಡದಿದ್ದರೆ, ವಿಮೆಯ ದೂರು ವಿಚಾರಿಸುವ, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಶುಲ್ಕ ಇಲ್ಲ, ವಕೀಲರೂ ಬೇಡ. ಫಾರಂನಲ್ಲಿ ಬಿಪಿ ವಿಷಯ ನಿಜ ಬರೆದಿದ್ದರೆ ನಿಮ್ಮ ದೂರಿಗೆ ಬಲ ಇರುತ್ತದೆ.